ಪೋಲ್ ಲೆಬೋ: ಫ್ಲೋರೈಡುಗಳಿಂದ ಕಲ್ಲಿದ್ದಲಿನವರೆಗೆ

ಫ್ಲೋರೀನಿನ ಚರಿತ್ರೆಯನ್ನು ಹೇಳುವ ಗ್ರಂಥಗಳಲ್ಲಿ ಪೋಲ್ ಲೆಬೋ (1868–1959) ಅವರ ಹೆಸರು ಸಾಮಾನ್ಯವಾಗಿ ಗುರು ಆನ್ರಿ ಮ್ವಾಸಾನರ ಹೆಸರಿನ ನೆರಳಿನಲ್ಲಿಯೇ ಕಾಣಿಸಿಕೊಳ್ಳುತ್ತದೆ. ಅವರು ಕಲ್ಲಿದ್ದಲಿನ ಮೇಲೆ ನಡೆಸಿದ ಕೆಲಸವಂತೂ ಬೇರೊಬ್ಬ ಸಂಶೋಧಕನದೋ ಎಂಬಂತೆ ಇಂಧನಶಾಸ್ತ್ರದ ಪುಟಗಳಲ್ಲಿ ಉಳಿದಿದೆ. ಈ ಎರಡು ಅಭಿಪ್ರಾಯಗಳೂ ಪುನರ್ವಿಮರ್ಶೆಗೆ ಅರ್ಹವಾದುವು.

ಮೊದಲನೆಯದನ್ನು ನೋಡೋಣ. 1886ರಲ್ಲಿ ಫ್ಲೋರೀನನ್ನು ಬಿಡಿಸಿದ ಕೀರ್ತಿ ಮ್ವಾಸಾನರದು. ಅದರಲ್ಲಿ ಲೆಬೋ ಅವರಿಗೆ ಪಾಲಿಲ್ಲ. 1900ರಲ್ಲಿ ಗಂಧಕದ ಹೆಕ್ಸಫ್ಲೋರೈಡನ್ನೂ 1901ರಲ್ಲಿ ಸಲ್ಫ್ಯೂರಿಲ್ ಫ್ಲೋರೈಡನ್ನೂ ಗುರುಶಿಷ್ಯರು ಕೂಡಿ ಪಡೆದರು. ಆದರೆ 1898ರಲ್ಲಿ ಬೆರಿಲಿಯಮ್ ಮತ್ತು ಸೋಡಿಯಮ್‌ಗಳ ಕರಗಿದ ಫ್ಲೋರೈಡನ್ನು ವಿದ್ಯುದ್ವಿಭಜನೆಗೆ ಒಳಪಡಿಸಿ ಶುದ್ಧ ಬೆರಿಲಿಯಮ್ಮನ್ನು ತೆಗೆದವರೂ, 1905–06ರಲ್ಲಿ ಬ್ರೋಮೀನ್ ಟ್ರೈಫ್ಲೋರೈಡನ್ನು ವರ್ಣಿಸಿದವರೂ ಲೆಬೋ ಅವರೇ. ಮ್ವಾಸಾನರು 1907ರಲ್ಲಿ ತೀರಿಕೊಂಡರು. ಲೆಬೋ ಅವರ ಅತ್ಯಂತ ಸ್ವತಂತ್ರವಾದ ಎರಡು ಫಲಗಳು ಬಂದುದು ಅದಕ್ಕೆ ಸುಮಾರು ಇಪ್ಪತ್ತು ವರ್ಷಗಳ ಅನಂತರ. ಅಗಸ್ಟಿನ್ ದಾಮ್ಯೆನ್ ಅವರೊಡನೆ 1926ರಲ್ಲಿ ಇಂಗಾಲದ ಟೆಟ್ರಫ್ಲೋರೈಡನ್ನು ಶುದ್ಧರೂಪದಲ್ಲಿ ಪಡೆದರು. ಗುರುಗಳು 1890ರಲ್ಲಿಯೇ ಅದನ್ನು ಪಡೆದೆವೆಂದು ಭಾವಿಸಿದ್ದರು. 1927ರಲ್ಲಿ ಆಮ್ಲಜನಕದ ಫ್ಲೋರೈಡಿನ ಅಸ್ತಿತ್ವವನ್ನು ಪ್ರಕಟಿಸಿದರು. 1929ರಲ್ಲಿ ದುರ್ಬಲವಾದ ಸೋಡಿಯಮ್ ಹೈಡ್ರಾಕ್ಸೈಡ್ ದ್ರಾವಣದ ಮೂಲಕ ಫ್ಲೋರೀನನ್ನು ಹಾಯಿಸಿ ಅದನ್ನು ತಯಾರಿಸುವ ಸುಲಭ ವಿಧಾನವನ್ನೂ ಕೊಟ್ಟರು. ಗುರುವಿನ ಹೇಳಿಕೆಯನ್ನು ಪ್ರಯೋಗದಿಂದ ತಿದ್ದಬಲ್ಲವನನ್ನು ಕೇವಲ ಅನುಯಾಯಿ ಎನ್ನುವುದು ನ್ಯಾಯವಲ್ಲ.

ಇನ್ನು ಕಲ್ಲಿದ್ದಲು. ಸಂಬಂಧದ ಎಳೆ ಇಲ್ಲಿಯೇ ಸಿಕ್ಕುತ್ತದೆ. 1913ರಲ್ಲಿ ಲೆಬೋ ಮತ್ತು ಅದೇ ದಾಮ್ಯೆನ್ ಅವರು ಜಲಜನಕ ಹಾಗೂ ಹೈಡ್ರೊಕಾರ್ಬನ್‌ಗಳ ಮಿಶ್ರಣವನ್ನು ವಿಶ್ಲೇಷಿಸುವ ಕ್ರಮವೊಂದನ್ನು ಪ್ರಕಟಿಸಿದರು. ಮಿಶ್ರಣವನ್ನು ದ್ರವವಾಯುವಿನಿಂದ ತಣಿಸಿ, ಹೆಪ್ಪುಗಟ್ಟದ ಭಾಗವನ್ನು ಪಾದರಸದ ಪಂಪಿನಿಂದ ಸೆಳೆದು, ಉಳಿದುದನ್ನು ಹಂತಹಂತವಾಗಿ ಬೇರ್ಪಡಿಸುವುದೇ ಅದರ ಸಾರ. ದೀಪದ ಅನಿಲಕ್ಕೆ ಇದನ್ನು ಅನ್ವಯಿಸಿದರು. ಮೊದಲನೆಯ ಮಹಾಯುದ್ಧದ ಅನಂತರ ಲೆಬೋ ಅವರು ಕಲ್ಲಿದ್ದಲನ್ನು ನಿರ್ವಾತದಲ್ಲಿ ಮೆಟ್ಟಲುಮೆಟ್ಟಲಾಗಿ ಕಾಯಿಸಿ, ಪ್ರತಿಯೊಂದು ಉಷ್ಣತೆಯಲ್ಲಿ ಹೊರಡುವ ಅನಿಲವನ್ನು ಪ್ರತ್ಯೇಕವಾಗಿ ಅಳೆದರು. ಟೆಟ್ರಫ್ಲೋರೈಡು ಕುದಿಯುವುದು ಶೂನ್ಯಕ್ಕಿಂತ 128 ಡಿಗ್ರಿ ಸೆಂಟಿಗ್ರೇಡ್ ಕೆಳಗೆ. ಆಮ್ಲಜನಕದ ಫ್ಲೋರೈಡು ಇನ್ನೂ ಕೆಳಗೆ, ಸುಮಾರು 145ರಲ್ಲಿ. ಇಂಥ ಅನಿಲಗಳನ್ನು ಬಿಡಿಸಬಲ್ಲ ಕೈಗೆ ಕಲ್ಲಿದ್ದಲಿನ ಅನಿಲಗಳೊಡನೆ ಪಳಗಿದ ಅನುಭವವಿತ್ತು. ವಸ್ತು ಬೇರೆಯಾದರೂ ವಿದ್ಯೆ ಒಂದೇ. ಅದು ಅನಿಲಗಳನ್ನು ಪ್ರತ್ಯೇಕಿಸುವ ವಿದ್ಯೆ.

ಇಷ್ಟು ಹೇಳಿದ ಮೇಲೆ ಕೊರತೆಯನ್ನೂ ಹೇಳಬೇಕು. ಲೆಬೋ ಅವರ ಪ್ರಬಂಧಗಳು ಮುಖ್ಯವಾಗಿ ಏನನ್ನು ಪಡೆದೆವು, ಎಷ್ಟು ಪಡೆದೆವು, ಹೇಗೆ ಪಡೆದೆವು ಎಂಬುದನ್ನು ಹೇಳುತ್ತವೆ. ಏಕೆ ಎಂಬ ಪ್ರಶ್ನೆ ಹಿಂದೆ ಉಳಿಯುತ್ತದೆ. ಗಂಧಕದ ಹೆಕ್ಸಫ್ಲೋರೈಡು ನೀರಿಗೂ ಕ್ಷಾರಕ್ಕೂ ಜಗ್ಗದಿರುವುದೇಕೆ? 1900ರಲ್ಲಿ ವೇಲೆನ್ಸಿಯ ಎಲೆಕ್ಟ್ರಾನ್ ಸಿದ್ಧಾಂತ ಇನ್ನೂ ಹುಟ್ಟಿರಲಿಲ್ಲ. ಆಗಿನ ಮೌನ ಕ್ಷಮ್ಯ. 1927ರ ವೇಳೆಗೆ ಆ ಮಾತನ್ನು ಹೇಳುವುದು ಕಷ್ಟ. ಕಲ್ಲಿದ್ದಲಿನ ವಿಷಯದಲ್ಲಿಯೂ ಹಾಗೆಯೇ: ಕಾಯಿಸಿದಾಗ ಹೊರಡುವ ಅನಿಲವು ವಿಘಟನೆಯ ಕ್ರಮವನ್ನು ತಿಳಿಸುತ್ತದೆಯೇ ಹೊರತು ಮೂಲವಸ್ತುವಿನ ರಚನೆಯನ್ನಲ್ಲ. ಮನೆಯನ್ನು ಸುಟ್ಟು ಹೊಗೆಯನ್ನು ಅಳೆದರೆ ಮನೆಯ ನಕ್ಷೆ ದೊರೆಯದು.

ಆದರೂ ಅಳತೆ ಶುದ್ಧವಾಗಿದ್ದರೆ ಮುಂದಿನವರು ಅದರ ಮೇಲೆ ಕಟ್ಟಬಹುದು. ಅಂದು ಕುತೂಹಲದ ವಸ್ತುವಾಗಿದ್ದ ಹೆಕ್ಸಫ್ಲೋರೈಡು ಮುಂದೆ ಅಧಿಕ ವೋಲ್ಟೇಜಿನ ವಿದ್ಯುದುಪಕರಣಗಳ ನಿರೋಧಕವಾಯಿತು. 1997ರ ಕ್ಯೋಟೋ ಒಪ್ಪಂದದಲ್ಲಿ ಅದೇ ವಸ್ತು ಭೂಮಿಯನ್ನು ಬಿಸಿಮಾಡುವ ಅನಿಲಗಳ ಪಟ್ಟಿಗೆ ಸೇರಿತು; ನೂರು ವರ್ಷಗಳ ಲೆಕ್ಕದಲ್ಲಿ ಅದರ ಪ್ರಭಾವ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿನ 20,000 ಪಟ್ಟಿಗೂ ಹೆಚ್ಚು. ಎರಡಕ್ಕೂ ಕಾರಣ ಲೆಬೋ ಅವರು ಕಂಡು ದಾಖಲಿಸಿದ ಆ ಜಡತ್ವವೇ.

ಸಂಶೋಧನೆಗೆ ವಿಷಯವನ್ನು ಅರಸುವ ನಮ್ಮ ವಿದ್ಯಾರ್ಥಿಗಳು, ಮೊದಲು ಒಂದು ವಿಧಾನವನ್ನು ಕೈವಶಮಾಡಿಕೊಳ್ಳುವುದು ಲೇಸೆಂದು ಈ ಜೀವನದಿಂದ ತಿಳಿಯಬಹುದು. ವಿಧಾನದಲ್ಲಿಯೇ ತೃಪ್ತಿಪಟ್ಟು ನಿಲ್ಲಬಾರದೆಂಬುದನ್ನೂ ಇದರಿಂದಲೇ ತಿಳಿಯಬೇಕು.