ಕೆಲಸ ಬಿಟ್ಟ ಸಾಹಿತಿಗಳು ಮತ್ತು ಕೆಲಸ ಹುಡುಕುವ ನಾವು

ಮೊನ್ನೆ ಒಂದು ಸಾಹಿತ್ಯ ಸಭೆಯಲ್ಲಿ ಹಿರಿಯ ವಿಮರ್ಶಕರೊಬ್ಬರು ನಮ್ಮಂಥ ಎಳೆಯರಿಗೆ ಬುದ್ಧಿ ಹೇಳಿದರು. ಸಂಬಳದ ಹಿಂದೆ ಓಡಬೇಡಿ, ಮನಸ್ಸು ಮೆಚ್ಚಿದ ಕೆಲಸ ಮಾಡಿ, ಹೊಟ್ಟೆಪಾಡು ಹೇಗೋ ನಡೆಯುತ್ತದೆ ಅಂದರು. ಸಭೆ ಚಪ್ಪಾಳೆ ತಟ್ಟಿತು. ನಾವೂ ತಟ್ಟಿದೆವು. ಆಮೇಲೆ ಬಸ್ ಸ್ಟ್ಯಾಂಡಿನಲ್ಲಿ ಚಾರ್ಜಿಗೆ ಜೇಬು ತಡಕಾಡುವಾಗ ನಮ್ಮ ಚಪ್ಪಾಳೆಗೆ ನಮಗೇ ನಾಚಿಕೆಯಾಯಿತು. ಹೊಟ್ಟೆಪಾಡು ಯಾರಿಗೆ ಹೇಗೋ ನಡೆದಿದೆ? ಯಾವ ಕೇರಿಯಲ್ಲಿ ನಡೆದಿದೆ?

ನಾವು ಅಂದರೆ ಯಾರು ಅಂತ ಮೊದಲೇ ಹೇಳಿಬಿಡೋಣ. ನಾವು ಮನೆಗೆ ಮೊದಲ ಸಲ ಡಿಗ್ರಿ ಸರ್ಟಿಫಿಕೇಟು ತಂದವರು. ತಾತ ಜೀತಕ್ಕಿದ್ದವರು. ಜೀತ ರದ್ದು ಮಾಡುವ ಕಾಯ್ದೆ ಬಂದದ್ದು 1976ರಲ್ಲಿ. ಕಾಯ್ದೆ ಬಂದ ಸುದ್ದಿ ನಮ್ಮ ಕೇರಿಗೆ ಬರೋ ಹೊತ್ತಿಗೆ ತಾತನ ಬೆನ್ನು ಬಾಗಿತ್ತು. ಅಪ್ಪ ಕೂಲಿ. ಅವ್ವ ಊರ ಗೌಡರ ಕೊಟ್ಟಿಗೆಯಲ್ಲಿ ಸಗಣಿ ಬಾಚಿದವಳು. ಹಾಸ್ಟೆಲ್ಲಿನ ಅನ್ನ ತಿಂದು ಕನ್ನಡ ಎಂ.ಎ. ಮಾಡಿದ ನಾವು ಪದ್ಯ ಬರೆಯುತ್ತೇವೆ. ಮೆಚ್ಚಿದ ಕೆಲಸವೋ ಸಂಬಳದ ಕೆಲಸವೋ ಎಂಬ ಪ್ರಶ್ನೆ ನಮ್ಮ ಮನೆಯ ಹೊಸ್ತಿಲು ತುಳಿದದ್ದು ಇದೇ ಮೊದಲು. ತಾತನ ಮುಂದೆ ಈ ಪ್ರಶ್ನೆಯನ್ನು ಯಾರೂ ಇಡಲಿಲ್ಲ. ಅವರು ಮಾಡಿದ ಕೆಲಸಕ್ಕೆ ಮೆಚ್ಚುಗೆಯೂ ಇರಲಿಲ್ಲ, ಸಂಬಳವೂ ಇರಲಿಲ್ಲ. ಹಾಗಾಗಿ ಈ ಪ್ರಶ್ನೆಯನ್ನು ನಾವು ತಳ್ಳಿಹಾಕುವುದಿಲ್ಲ. ಇದು ನಮ್ಮ ಹಿರಿಯರ ಹೋರಾಟ ನಮಗೆ ಗಳಿಸಿಕೊಟ್ಟ ಪ್ರಶ್ನೆ. ಆದರೆ ಇದಕ್ಕೆ ಕನ್ನಡ ಸಾಹಿತ್ಯಲೋಕ ತಯಾರು ಮಾಡಿಟ್ಟಿರುವ ಉತ್ತರವನ್ನು ಕಣ್ಣು ಮುಚ್ಚಿ ನುಂಗುವುದಕ್ಕೆ ಮಾತ್ರ ನಾವು ತಯಾರಿಲ್ಲ.

ಆ ಉತ್ತರಕ್ಕೆ ಒಂದು ಪುರಾಣವಿದೆ. ಅದರ ನಾಯಕ ಟಿ.ಪಿ. ಕೈಲಾಸಂ. ಲಂಡನ್ನಿಗೆ ಹೋಗಿ ಭೂವಿಜ್ಞಾನ ಓದಿದವರು, ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಕೆಲಸ ಬಿಟ್ಟು ನಾಟಕದ ಹಿಂದೆ ಹೋದವರು. ಕನ್ನಡ ಮೇಷ್ಟ್ರುಗಳು ಈ ಕತೆಯನ್ನು ಕಣ್ಣರಳಿಸಿಕೊಂಡು ಹೇಳುತ್ತಾರೆ. ಕೈಲಾಸಂ ದೊಡ್ಡ ಪ್ರತಿಭೆ ಎಂಬುದರಲ್ಲಿ ನಮಗೆ ಜಗಳವಿಲ್ಲ. ನಾಟಕದ ಕನ್ನಡವನ್ನು ಬೀದಿಗೆ ತಂದವರಲ್ಲಿ ಅವರು ಮೊದಲಿಗರು. ನಮ್ಮ ಜಗಳ ಪುರಾಣ ಹೇಳುವವರ ಹತ್ತಿರ. ಕೈಲಾಸಂ ಅಪ್ಪ ಸಂಸ್ಥಾನದಲ್ಲಿ ನ್ಯಾಯಾಧೀಶರಾಗಿದ್ದರು ಅನ್ನೋದನ್ನ ಇವರು ತೇಲಿಸಿ ಬಿಡುತ್ತಾರೆ. ಜಡ್ಜಿ ಮಗ ಕೆಲಸ ಬಿಟ್ಟರೆ ತ್ಯಾಗ. ಜೀತದಾಳಿನ ಮೊಮ್ಮಗ ಕೆಲಸ ಬಿಟ್ಟರೆ ಕೇರಿಯೇ ಕೂತು ಅಳುತ್ತೆ.

ಅವರ 'ಟೊಳ್ಳು ಗಟ್ಟಿ' ನಾಟಕವನ್ನೇ ನೋಡಿ. ಪರೀಕ್ಷೆ ಪಾಸು ಮಾಡುವ ಮಗ ಟೊಳ್ಳು, ಪರೀಕ್ಷೆಯಲ್ಲಿ ಹಿಂದೆ ಬಿದ್ದರೂ ಮನುಷ್ಯತ್ವ ಉಳಿಸಿಕೊಂಡ ಮಗ ಗಟ್ಟಿ. ಪದವಿ, ನೌಕರಿ, ಪ್ರತಿಷ್ಠೆ ಅಂತ ಸಾಯುತ್ತಿದ್ದ ಬ್ರಾಹ್ಮಣ ಮಧ್ಯಮವರ್ಗಕ್ಕೆ ಅದು ಸರಿಯಾದ ಪೆಟ್ಟು. ಕಾಲೇಜಿನಲ್ಲಿ ಅದನ್ನು ನೋಡಿ ನಾವೂ ನಕ್ಕಿದ್ದೇವೆ. ಆದರೆ ಆ ನಗು ಪದವಿ ಹಳೆಯದಾದ ಮನೆಯ ನಗು. ಪದವಿಯನ್ನು ಗೇಲಿ ಮಾಡಬೇಕಾದರೆ ಮೊದಲು ಅದು ಮನೆಯಲ್ಲಿ ಇರಬೇಕು. ನಮ್ಮ ಅವ್ವ ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ರೇಷನ್ ಕಾರ್ಡಿನ ಜೊತೆ ಟ್ರಂಕಿನಲ್ಲಿಟ್ಟಿದ್ದಾಳೆ. ಮಳೆ ಬಂದು ಮನೆ ಸೋರಿದರೆ ಮೊದಲು ಆ ಟ್ರಂಕನ್ನು ಎಳೀತಾಳೆ. ಅವಳ ಮುಂದೆ ಅದು ಟೊಳ್ಳು ಅನ್ನುವ ಧೈರ್ಯ ನಮಗಿಲ್ಲ.

ಇನ್ನೊಂದು ಮಾತು. ಕೆಲಸ ಬಿಟ್ಟ ಸಾಹಿತಿಯ ಪುರಾಣ ನಿಜಕ್ಕೆ ಎಷ್ಟು ದೂರ ಅಂತ ಲೆಕ್ಕ ಹಾಕಿ ನೋಡಿ. ಮಾಸ್ತಿಯವರು ಅಬಕಾರಿ ಕಮಿಷನರ್ ಹುದ್ದೆಯ ತನಕ ಏರಿದ ಅಧಿಕಾರಿ. ಬೇಂದ್ರೆ ಮೇಷ್ಟ್ರು, ಸೊಲ್ಲಾಪುರದ ಕಾಲೇಜಿನಲ್ಲಿ ಪಾಠ ಹೇಳಿದವರು. ಕುವೆಂಪು ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿ. ಅನಂತಮೂರ್ತಿ ಇಂಗ್ಲಿಷ್ ಪ್ರಾಧ್ಯಾಪಕರು. ಯಶವಂತ ಚಿತ್ತಾಲರು ಮುಂಬಯಿಯ ರಾಸಾಯನಿಕ ಉದ್ಯಮದಲ್ಲಿ ದುಡಿಯುತ್ತಲೇ ಕತೆ ಬರೆದರು. ಸಂಬಳ ಇವರ ಸಾಹಿತ್ಯವನ್ನು ಕೊಂದಿತು ಅಂತ ಯಾವ ವಿಮರ್ಶಕನೂ ಬರೆದದ್ದನ್ನು ನಾವು ಓದಿಲ್ಲ. ಆದರೆ ದಲಿತ ಕವಿಯೊಬ್ಬ ಲೆಕ್ಚರರ್ ಆದರೆ, ತಾಲ್ಲೂಕಾಫೀಸಿನಲ್ಲಿ ಗುಮಾಸ್ತನಾದರೆ, 'ಅವನ ಸಿಟ್ಟು ತಣ್ಣಗಾಯ್ತು, ವ್ಯವಸ್ಥೆ ಅವನನ್ನು ನುಂಗಿತು' ಅಂತ ಬರೆಯುವುದಕ್ಕೆ ಪೆನ್ನುಗಳು ಕಾಯುತ್ತಾ ಕೂತಿರುತ್ತವೆ. ಅವರ ಸಂಬಳ ಸಾಹಿತ್ಯಕ್ಕೆ ಗೊಬ್ಬರ, ನಮ್ಮ ಸಂಬಳ ಸಾಹಿತ್ಯಕ್ಕೆ ವಿಷ. ಇದು ಯಾವ ಊರಿನ ವಿಮರ್ಶೆ?

ಚಿತ್ತಾಲರ 'ಶಿಕಾರಿ' 1979ರಲ್ಲಿ ಬಂದ ದೊಡ್ಡ ಕಾದಂಬರಿ. ಕಂಪನಿಯೊಂದರಲ್ಲಿ ಮೇಲಿನ ಹುದ್ದೆಯಲ್ಲಿರುವ ನಾಗಪ್ಪ ಸಸ್ಪೆಂಡ್ ಆಗುತ್ತಾನೆ. ಅಲ್ಲಿಂದ ಅವನ ಬದುಕೇ ಅವನಿಗೆ ಒಗಟಾಗುತ್ತದೆ. ಕಂಪನಿ ಅನ್ನುವುದು ಮನುಷ್ಯರು ಮನುಷ್ಯರನ್ನು ಬೇಟೆಯಾಡುವ ಕಾಡು ಎಂಬುದನ್ನು ಅಷ್ಟು ಆಳವಾಗಿ ಕಂಡ ಕೃತಿ ಕನ್ನಡದಲ್ಲಿ ಅಪರೂಪ. ಆದರೂ ಅದನ್ನು ಓದುವಾಗ ನಮಗೆ ಒಂದು ಕಡೆ ತಡೆಯಾಗುತ್ತದೆ. ಕೆಲಸ ಕೈತಪ್ಪಿದಾಗ ನಾಗಪ್ಪನಿಗೆ ಏಳುವುದು ತಾನು ಯಾರು ಎಂಬ ಪ್ರಶ್ನೆ. ನಾವು ಯಾರು ಅಂತ ನಮಗೆ ಯಾರೂ ಮರೆಯೋದಕ್ಕೇ ಬಿಟ್ಟಿಲ್ಲ. ಹೋಟೆಲಿನ ಲೋಟ ಹೇಳಿದೆ, ಬಾಡಿಗೆ ಮನೆಯ ಓನರ್ ಹೇಳಿದ್ದಾನೆ. ಕೆಲಸ ತಪ್ಪಿದ ದಿನ ನಮಗೆ ಏಳುವ ಪ್ರಶ್ನೆ ನಾಳೆ ಒಲೆ ಮೇಲೆ ಏನಿಡೋದು ಅಂತ. ಈ ಪ್ರಶ್ನೆಯಲ್ಲೂ ಆಳವಿದೆ ಅಂತ ನವ್ಯ ವಿಮರ್ಶೆ ಒಪ್ಪಿಕೊಳ್ಳಲೇ ಇಲ್ಲ.

ಒಪ್ಪಿಕೊಳ್ಳುವಂತೆ ಮಾಡಿದವರು ನಮ್ಮ ಹಿರಿಯರು. ಸಿದ್ಧಲಿಂಗಯ್ಯನವರ ಆತ್ಮಕಥೆ 'ಊರುಕೇರಿ'ಯ ಶುರುವಿನಲ್ಲೇ ನೊಗಕ್ಕೆ ಎತ್ತುಗಳ ಬದಲು ಇಬ್ಬರು ಮನುಷ್ಯರು ಹೆಗಲು ಕೊಟ್ಟಿದ್ದಾರೆ. ಅವರಲ್ಲೊಬ್ಬರು ಕವಿಯ ಅಪ್ಪ. ಆ ನೊಗ ಕಂಡ ಹುಡುಗ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಪ್ರಾಧ್ಯಾಪಕನಾದದ್ದನ್ನು ಬರೀ ನೌಕರಿ ಅನ್ನಬೇಕೋ, ನೊಗ ಮುರಿದದ್ದು ಅನ್ನಬೇಕೋ? ಮುಂದೆ ಅವರು ವಿಧಾನ ಪರಿಷತ್ತಿಗೆ ಹೋದರು, ಅಧಿಕಾರಕ್ಕೆ ಹತ್ತಿರವಾದರು ಅಂತ ನಮ್ಮವರೇ ಟೀಕೆ ಮಾಡಿದರು. ಆ ಟೀಕೆಯಲ್ಲಿ ಹುರುಳಿದೆಯೋ ಇಲ್ಲವೋ ಅನ್ನುವ ಚರ್ಚೆ 2021ರಲ್ಲಿ ಅವರು ತೀರಿಕೊಂಡ ಮೇಲೂ ಮುಗಿದಿಲ್ಲ. ನಮ್ಮ ಮಾತು ಇಷ್ಟೆ: ನಾಲಿಗೆಯ ಬಗ್ಗೆ ಟೀಕೆ ಮಾಡಿ, ಸಂಬಳದ ಬಗ್ಗೆ ಮಾಡಬೇಡಿ.

ಇದಕ್ಕೆ ಇನ್ನೊಂದು ಮಗ್ಗುಲು ದೇವನೂರ ಮಹಾದೇವ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಕೆಲಸ ಬಿಟ್ಟು ಅವರು ಬೇಸಾಯಕ್ಕೆ ನಿಂತರು. ಅವರನ್ನು ತೋರಿಸಿ 'ನೋಡಿ, ನಿಮ್ಮವರೇ ಬಿಟ್ಟಿದ್ದಾರಲ್ಲ' ಅಂತ ನಮಗೆ ಹೇಳುವವರಿದ್ದಾರೆ. ಅಂಥವರು 'ಒಡಲಾಳ'ವನ್ನು ಇನ್ನೊಂದು ಸಲ ಓದಬೇಕು. ಸಾಕವ್ವನ ಮನೆಯವರೆಲ್ಲ ಕೂತು ಕದ್ದು ತಂದ ಕಡ್ಲೆಕಾಯಿಯನ್ನು ರಾತ್ರಿಯೆಲ್ಲ ತಿಂದು ಮುಗಿಸುತ್ತಾರೆ. ಅದೇ ಮನೆಯ ಗೋಡೆಯ ಮೇಲೆ ಪುಟ್ಟಗೌರಿ ನವಿಲು ಬರೆಯುತ್ತಾಳೆ. ಹೊಟ್ಟೆಯೋ ನವಿಲೋ ಅಂತ ಆ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಹೊಟ್ಟೆ ತುಂಬಿದ ಮೇಲೆ ಕಲೆ ಎಂದು ಕೃತಿ ಹೇಳುವುದಿಲ್ಲ, ಕಲೆಗಾಗಿ ಉಪವಾಸ ಎಂದೂ ಹೇಳುವುದಿಲ್ಲ. ಎರಡೂ ಒಂದೇ ಸೂರಿನ ಕೆಳಗಿವೆ, ಎರಡರ ಬಾಗಿಲಿಗೂ ಪೊಲೀಸ್ ಬಂದು ನಿಲ್ಲುತ್ತಾನೆ. ನಮ್ಮ ಪ್ರಶ್ನೆಗೆ ಕನ್ನಡದಲ್ಲಿ ಸಿಕ್ಕಿರುವ ಪ್ರಾಮಾಣಿಕ ಉತ್ತರ ಇದು ಅಂತ ನಾವು ನಂಬಿದ್ದೇವೆ.

ಮೆಚ್ಚಿದ ಕೆಲಸ ಎನ್ನುವ ಮಾತೂ ನಮಗೆ ಅಷ್ಟು ಸಲೀಸಲ್ಲ. ತಾತ ತಮಟೆ ಬಡಿಯುತ್ತಿದ್ದರು. ಬೆಂಕಿ ಹಾಕಿ ಚರ್ಮ ಕಾಯಿಸಿ, ಬೆರಳಿನಿಂದ ಮೀಟಿ ನಾದ ನೋಡುವಾಗ ಅವರ ಮುಖ ನೋಡಬೇಕಿತ್ತು. ಆ ಕೆಲಸವನ್ನು ಅವರು ಜೀವಕ್ಕಿಂತ ಹೆಚ್ಚು ಮೆಚ್ಚಿದ್ದರು. ಆದರೆ ಊರಲ್ಲಿ ಯಾರೇ ಸತ್ತರೂ ಕರೆದಾಗ ಹೋಗಿ ಬಡೀಬೇಕು, ಒಲ್ಲೆ ಅನ್ನೋ ಹಂಗಿಲ್ಲ. ಕೊಟ್ಟಷ್ಟು ಈಸ್ಕೊಂಡು ದೂರ ಕೂತು ಉಣ್ಣಬೇಕು. ಸಂಘದವರು ಕೇರಿಗೆ ಬಂದು, ಬಿಟ್ಟಿ ತಮಟೆ ಬಡಿಯಬೇಡಿ ಅಂದ ದಿನ ತಾತ ತಮಟೆಯನ್ನು ಅಟ್ಟಕ್ಕೆ ಹಾಕಿದರು. ಆಮೇಲೆ ಸಾಯುವತನಕ ಮುಟ್ಟಲಿಲ್ಲ. ಇವತ್ತು ನಮ್ಮ ಹುಡುಗರು ಅದೇ ತಮಟೆಯನ್ನು ವೇದಿಕೆ ಮೇಲೆ, ಹೋರಾಟದ ಮೆರವಣಿಗೆಯಲ್ಲಿ ಬಡಿಯುತ್ತಾರೆ, ದುಡ್ಡು ಮಾತಾಡಿಕೊಂಡು ಹೋಗುತ್ತಾರೆ. ಮಾಡುವ ಕೆಲಸ ಒಂದೇ. ತಾತನಿಗೆ ಒಲ್ಲೆ ಅನ್ನುವ ಹಕ್ಕಿರಲಿಲ್ಲ, ಇವರಿಗೆ ಇದೆ. ಒಲ್ಲೆ ಅನ್ನುವ ಹಕ್ಕಿಲ್ಲದ ಕಡೆ ಮೆಚ್ಚುಗೆಯೂ ಒಂದು ಹಗ್ಗ. ತಾತನನ್ನು ಕಟ್ಟಿಹಾಕಿದ್ದರಲ್ಲಿ ಅವರ ಮೆಚ್ಚುಗೆಯೂ ಸೇರಿತ್ತು.

ಬಾಬಾಸಾಹೇಬರ ಬದುಕು ನಮ್ಮ ಮುಂದಿದೆ. ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದಿಂದ 1913ರಲ್ಲಿ ಅಮೆರಿಕಕ್ಕೆ ಹೋದವರು, ಆ ಋಣ ತೀರಿಸಲು 1917ರಲ್ಲಿ ಬರೋಡಾಕ್ಕೆ ಕೆಲಸಕ್ಕೆ ಬಂದರು. ಅಷ್ಟು ಓದಿದ ಮನುಷ್ಯನಿಗೆ ಆ ಊರಲ್ಲಿ ತಲೆ ಇಡಲು ಜಾಗ ಸಿಗಲಿಲ್ಲ. ಪಾರ್ಸಿ ವಸತಿಗೃಹದಿಂದಲೂ ಹೊರದಬ್ಬಿದರು. ಮುಂಬಯಿಗೆ ಬಂದು 1918ರಲ್ಲಿ ಸಿಡ್ನಹ್ಯಾಂ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಆ ಸಂಬಳದಲ್ಲಿ ಉಳಿಸಿ, ನಿಂತುಹೋಗಿದ್ದ ಓದು ಮುಗಿಸಲು 1920ರಲ್ಲಿ ಲಂಡನ್ನಿಗೆ ಹೊರಟರು. ಹೊರಡುವ ಮುಂಚೆ ಅದೇ ವರ್ಷ 'ಮೂಕನಾಯಕ' ಪತ್ರಿಕೆ ಶುರು ಮಾಡಿದರು. ಅವರು ಸಂಬಳವನ್ನು ಹೀಗಳೆಯಲಿಲ್ಲ, ಪೂಜೆಯನ್ನೂ ಮಾಡಲಿಲ್ಲ. ಅದು ಎಲ್ಲಿಗೆ ಹೋಗುವ ದಾರಿ ಅಂತ ನೋಡಿದರು. 1956ರಲ್ಲಿ ಆಗ್ರಾದಲ್ಲಿ, ಓದಿದ ನಮ್ಮ ಜನ ಗುಮಾಸ್ತರಾಗಿ ಹೊಟ್ಟೆ ಹೊರೆದುಕೊಳ್ಳುತ್ತ ಸಮಾಜವನ್ನು ಮರೆತರು ಅಂತ ಅವರು ನೊಂದುಕೊಂಡದ್ದನ್ನು ನಮ್ಮ ಸಭೆಗಳಲ್ಲಿ ಮತ್ತೆ ಮತ್ತೆ ಹೇಳುತ್ತೇವೆ. ನೊಂದುಕೊಂಡದ್ದು ಮರೆತದ್ದಕ್ಕೆ, ಸಂಬಳ ತಗೊಂಡದ್ದಕ್ಕಲ್ಲ.

ಈಗ ನಮ್ಮ ವಿಷಯಕ್ಕೆ ಬರುತ್ತೇವೆ. ನಮ್ಮ ಕೈಯಲ್ಲಿ ಎರಡು ಕೆಲಸವಿತ್ತು. ಒಂದು, ಖಾಸಗಿ ಕಾಲೇಜಿನಲ್ಲಿ ಕನ್ನಡ ಪಾಠ. ನಾವು ಮೆಚ್ಚಿದ್ದು. ಪಾಠ ಮಾಡಿದ ಗಂಟೆಗೆ ಇಷ್ಟು ಅಂತ ಕೂಲಿ, ರಜೆ ಬಂದರೆ ಅದೂ ಇಲ್ಲ. ಇನ್ನೊಂದು, ಸಾಲ ಕೊಡುವ ಒಂದು ಕಂಪನಿಯಲ್ಲಿ ವಸೂಲಿ ಕೆಲಸ. ಕಾಲೇಜಿನ ಮೂರರಷ್ಟು ಸಂಬಳ, ತಿಂಗಳು ತಿಂಗಳು ತಪ್ಪದೆ. ಇಂಟರ್‌ವ್ಯೂ ಮಾಡಿದವರು ನಮ್ಮನ್ನು ಬಹಳ ಹೊಗಳಿದರು. 'ನಿಮ್ಮ ಮಾತು ಚೆನ್ನಾಗಿದೆ, ಆ ಹೆಂಗಸರಿಗೆ ಅವರ ಭಾಷೆಯಲ್ಲೇ ಹೇಳ್ತೀರಿ' ಅಂದರು. ಆ ಹೆಂಗಸರು ಅಂದರೆ ನಮ್ಮ ಚಿಕ್ಕವ್ವ, ದೊಡ್ಡವ್ವ, ಪಕ್ಕದ ಮನೆಯವರು. ಕಂತು ಕಟ್ಟಲಾಗದೆ ಮನೆಗೆ ಬೀಗ ಹಾಕಿ ಊರು ಬಿಟ್ಟವರನ್ನು ನಾವು ನೋಡಿದ್ದೇವೆ. ಇಂಥ ಕಿರುಕುಳ ತಡೆಯಲೆಂದೇ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಕಂಪನಿಗೆ ಬೇಕಾಗಿದ್ದದ್ದು ನಮ್ಮ ಡಿಗ್ರಿಯಲ್ಲ. ನಾವು ಪದ್ಯ ಬರೆಯುವ ಅದೇ ನಾಲಿಗೆ ಅದಕ್ಕೆ ಬೇಕಿತ್ತು.

ಅವ್ವನಿಗೆ ಹೇಳಿದೆವು. ತಂಗಿಯ ಕಾಲೇಜ್ ಫೀಜು ಬಾಕಿಯಿದೆ, ಮನೆಯ ಸೂರು ಬದಲಾಯಿಸಬೇಕು. ಅವ್ವ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, 'ಕೆಲಸ ಅಂದ್ಮೇಲೆ ಕೆಲಸವೇಯ ಕಣ್ ಮಗ, ಹೋಗು. ಆದ್ರೆ ಆ ಚೀಲ ನೇತಾಕ್ಕಂಡು ನಮ್ ಬೀದಿಗ್ ಮಾತ್ರ ಬರ್‌ಬ್ಯಾಡ' ಅಂದಳು.

ಇಷ್ಟು ವರ್ಷ ನಾವು ಓದಿದ ವಿಮರ್ಶೆಯಲ್ಲಿ ಇಲ್ಲದ ಅಳತೆಗೋಲು ಆ ಮಾತಿನಲ್ಲಿತ್ತು. ಮೆಚ್ಚುಗೆ ಎಷ್ಟು, ಸಂಬಳ ಎಷ್ಟು ಅನ್ನೋದು ಆಮೇಲಿನ ಮಾತು. ಆ ಕೆಲಸದ ಚೀಲ ಹಾಕಿಕೊಂಡು ನಮ್ಮ ಬೀದಿಗೆ ಬರಬಹುದೋ ಬಾರದೋ? ಆ ಕೆಲಸ ನಮ್ಮ ನಾಲಿಗೆಯನ್ನು ಯಾರ ಮೇಲೆ ತಿರುಗಿಸುತ್ತದೆ? ಸರ್ಕಾರಿ ಕೆಲಸಕ್ಕೂ ಇದೇ ಅಳತೆ. ಸರ್ಕಾರದ ನೀತಿಯನ್ನು ನೌಕರ ಟೀಕಿಸಬಾರದು ಎನ್ನುವ ನಡತೆ ನಿಯಮಗಳಿವೆ, 2021ರಲ್ಲಿ ಅವನ್ನು ಹೊಸದಾಗಿ ಬರೆದಿದ್ದಾರೆ. ಆ ಸಂಬಳ ತಗೊಳ್ಳುವವನು ಎಲ್ಲಿ ಬಾಯಿ ಮುಚ್ಚುತ್ತೇನೆ, ಎಲ್ಲಿ ಮುಚ್ಚುವುದಿಲ್ಲ ಅಂತ ಮೊದಲೇ ತನ್ನೊಳಗೆ ತೀರ್ಮಾನ ಮಾಡಿಕೊಂಡಿರಬೇಕು. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದದ್ದಕ್ಕೆ ಮಂತ್ರಿ ಪದವಿಯನ್ನೇ ತೆರಬೇಕಾಯಿತು. ಕುರ್ಚಿಯಲ್ಲಿ ಕೂತೂ ನಾಲಿಗೆ ಉಳಿಸಿಕೊಳ್ಳಬಹುದು, ಅದಕ್ಕೆ ಬೆಲೆ ಇದೆ ಅಂತ ಅವರು ತೋರಿಸಿಕೊಟ್ಟರು.

ನಾವು ಕಂಪನಿಗೆ ಹೋಗಲಿಲ್ಲ. ಇದನ್ನು ತ್ಯಾಗ ಅಂತ ಯಾರೂ ಬರೆಯಬೇಡಿ. ತಂಗಿಯ ಫೀಜು ಇನ್ನೂ ಬಾಕಿಯೇ ಇದೆ. ನಾವು ಹೋಗದಿದ್ದಕ್ಕೆ ದಂಡ ಕಟ್ಟುತ್ತಿರುವವಳು ಅವಳು. ಬೆಳಿಗ್ಗೆ ಪಾಠ ಮಾಡುತ್ತೇವೆ, ರಾತ್ರಿ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತೇವೆ. ನಡುವೆ ಸಮಯ ಸಿಕ್ಕರೆ ಪದ್ಯ. ನೌಕರಿ ಸಿಕ್ಕರೆ ಖುಷಿಯಿಂದ ಸೇರುತ್ತೇವೆ. ನಮ್ಮ ಜಾಗದಲ್ಲಿ ನಿಂತು ಆ ಕಂಪನಿಗೇ ಸೇರಿದ ಗೆಳೆಯನೊಬ್ಬನಿದ್ದಾನೆ. ಅವನಪ್ಪನಿಗೆ ಡಯಾಲಿಸಿಸ್ ನಡೀತಿದೆ. ಅವನನ್ನು ದ್ರೋಹಿ ಅನ್ನುವ ಯೋಗ್ಯತೆ ನಮಗಿಲ್ಲ, ಯಾರಿಗೂ ಇಲ್ಲ.

ಕಡೆಗೆ ಸಂಗಾತಿಗಳಿಗೆ ಒಂದು ಮಾತು. ನಮ್ಮ ವೇದಿಕೆಗಳಲ್ಲೂ ಬರಿಗೈ ಕವಿಯನ್ನು ಹೊಗಳಿ, ನೌಕರಿಯವನನ್ನು ಚುಚ್ಚುವ ಚಾಳಿ ಬೆಳೆದಿದೆ. ಸಂಘದ ಪೋಸ್ಟರಿಗೆ, ಈ ಪತ್ರಿಕೆಯ ಕಾಗದಕ್ಕೆ ದುಡ್ಡು ಕೊಟ್ಟವರು ಯಾರು? ಕಂಡಕ್ಟರು, ನರ್ಸು, ಪ್ರೈಮರಿ ಸ್ಕೂಲ್ ಮೇಷ್ಟ್ರು. ಪೂರ್ಣಾವಧಿ ಹೋರಾಟಗಾರನ ಮನೆಯ ಒಲೆ ಉರಿದದ್ದು ಬಹಳ ಸಲ ಅವನ ಹೆಂಡತಿಯ ಕೂಲಿಯಿಂದ. ಆಕೆಗೆ ಯಾವ ಕೆಲಸ ಮೆಚ್ಚುಗೆ ಅಂತ ನಾವು ಕೇಳಿದ್ದೇವೆಯೇ? ಬಡತನವನ್ನು ಹೊಗಳುವ ಕೆಲಸವನ್ನು ಹೊಟ್ಟೆ ತುಂಬಿದವರಿಗೆ ಬಿಡೋಣ. ಗಂಟೆ ಲೆಕ್ಕದ ಮೇಷ್ಟ್ರುಗಳಿಗೆ ತಿಂಗಳ ಸಂಬಳ ಕೊಡಿ ಅನ್ನುವುದು ನಮ್ಮ ಮುಂದಿನ ಸಭೆಯ ನಿರ್ಣಯಗಳಲ್ಲಿ ಮೊದಲನೆಯದಾಗಲಿ. ಮೆಚ್ಚಿದ ಕೆಲಸ ಮಾಡಿ ಅಂತ ಬುದ್ಧಿ ಹೇಳಿದ ಹಿರಿಯ ವಿಮರ್ಶಕರು ಅದಕ್ಕೆ ಮೊದಲ ಸಹಿ ಹಾಕಲಿ.