ಯೂರಿಯಾ ಬೇಕಿರುವುದು ನೀರಿನಲ್ಲಿ, ಬೆಂಕಿಯಲ್ಲಲ್ಲ

ಸೀರಿಯಂ ಆಕ್ಸೈಡಿನ ನ್ಯಾನೊಕಣಗಳ ಬಗ್ಗೆ ಬರುವ ಎಷ್ಟೋ ಸಂಶೋಧನಾ ಪ್ರಬಂಧಗಳಲ್ಲಿ ಯೂರಿಯಾಗೆ ಎರಡು ಬಿರುದುಗಳು ತಪ್ಪದೆ ಸಿಗುತ್ತವೆ: ಅಗ್ಗ, ಸರಳ. ಎರಡೂ ಸುಳ್ಳಲ್ಲ. (ಇದು ಹೊಲಕ್ಕೆ ಹಾಕುವ ಮೂಟೆಯ ಯೂರಿಯಾ ಅಲ್ಲ. ನಮ್ಮ ದೇಶದಲ್ಲಿ ಅದಕ್ಕೆ 2015ರಿಂದ ಬೇವಿನೆಣ್ಣೆಯ ಲೇಪನ ಕಡ್ಡಾಯ. ಪ್ರಯೋಗಾಲಯಕ್ಕೆ ಬೇಕಾದದ್ದು ಶುದ್ಧ ಯೂರಿಯಾ.) ಆದರೆ ಅದು ಅಲ್ಲಿ ಮಾಡುವ ಕೆಲಸವೇನು ಎಂಬ ಪ್ರಶ್ನೆಗೆ ಅಗ್ಗ, ಸರಳ ಎಂಬುದು ಉತ್ತರವಲ್ಲ. ಒಂದು ವಿಧಾನದಲ್ಲಿ ಯೂರಿಯಾ ನೀರಿನೊಳಗೆ ಕರಗಿ ನಿಧಾನವಾಗಿ ಒಡೆಯುತ್ತದೆ. ಇನ್ನೊಂದರಲ್ಲಿ ಇಂಧನವಾಗಿ ಧಗ್ಗನೆ ಉರಿಯುತ್ತದೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು.

ಮೊದಲು ನೀರಿನ ದಾರಿ. ಸೀರಿಯಂ ನೈಟ್ರೇಟಿನ ದ್ರಾವಣಕ್ಕೆ ಅಮೋನಿಯಾವನ್ನು ನೇರವಾಗಿ ಸುರಿದರೆ, ಹನಿ ಬಿದ್ದ ಜಾಗದಲ್ಲಿ ಪಿಎಚ್ ಒಮ್ಮೆಲೇ ಏರುತ್ತದೆ, ಪಕ್ಕದಲ್ಲಿ ಏರಿರುವುದಿಲ್ಲ. ಕಣಗಳು ಕಂಡಕಂಡ ಗಾತ್ರದಲ್ಲಿ ಹುಟ್ಟುತ್ತವೆ. ಹಾಲಿಗೆ ನಿಂಬೆರಸ ಹಿಂಡಿದರೆ ಒಡೆದು ಗಂಟಾಗುತ್ತದೆ, ಹೆಪ್ಪು ಹಾಕಿದರೆ ಪಾತ್ರೆಯ ತುಂಬ ಒಂದೇ ಸಮನೆ ಮೊಸರಾಗುತ್ತದೆ; ಯೂರಿಯಾ ಮಾಡುವುದು ಹೆಪ್ಪಿನ ಕೆಲಸ. ತಣ್ಣಗಿನ ನೀರಿನಲ್ಲಿ ಅದು ಸುಮ್ಮನಿರುತ್ತದೆ. 80-90 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ದ್ರಾವಣದ ಮೂಲೆಮೂಲೆಯಲ್ಲೂ ಒಡೆದು ಅಮೋನಿಯಾ ಮತ್ತು ಕಾರ್ಬೊನೇಟನ್ನು ಬಿಡುತ್ತದೆ. ಎಲ್ಲೆಡೆ ಪಿಎಚ್ ಒಟ್ಟಿಗೇ ಏರುವುದರಿಂದ ಬೀಜಕಣಗಳು ಹೆಚ್ಚುಕಡಿಮೆ ಒಂದೇ ಗಳಿಗೆಯಲ್ಲಿ ಹುಟ್ಟಿ, ಜೊತೆಯಾಗಿ ಬೆಳೆಯುತ್ತವೆ. ಅಮೆರಿಕದ ವಿಶ್ಲೇಷಣಾ ರಸಾಯನಜ್ಞ ಹೋಬಾರ್ಟ್ ವಿಲರ್ಡ್ 1930ರ ದಶಕದಲ್ಲಿ ಅಲ್ಯುಮಿನಿಯಂ ಬೇರ್ಪಡಿಸಲು ಈ ಉಪಾಯ ಬಳಸಿದ್ದರು. 1980ರ ದಶಕದಲ್ಲಿ ರಸಾಯನಜ್ಞ ಈಗನ್ ಮಾಟಿಯೆವಿಚ್ ಇದೇ ದಾರಿಯಲ್ಲಿ ಲ್ಯಾಂಥನೈಡುಗಳ ಏಕರೂಪದ ಕಣಗಳನ್ನು ಮಾಡಿ ತೋರಿಸಿದರು. ಬೆಲೆಗಿಂತ ಹೆಚ್ಚಾಗಿ ಈ ಸಮತೆಗಾಗಿ ಯೂರಿಯಾವನ್ನು ಮೆಚ್ಚಬೇಕು.

ಇಲ್ಲೊಂದು ಮರೆಮಾಚುವಿಕೆಯೂ ನಡೆಯುತ್ತದೆ. ಮೂರು ವೇಲೆನ್ಸಿಯ ಸೀರಿಯಂ ಲವಣದಿಂದ ಹೊರಟರೆ ಪಾತ್ರೆಯ ತಳದಲ್ಲಿ ಸಿಗುವುದು ಸಾಮಾನ್ಯವಾಗಿ ಸೀರಿಯಂ ಹೈಡ್ರಾಕ್ಸಿಕಾರ್ಬೊನೇಟ್, ಆಕ್ಸೈಡ್ ಅಲ್ಲ. ಅದನ್ನು ಗಾಳಿಯಲ್ಲಿ 300 ಡಿಗ್ರಿಗೋ ಅದಕ್ಕೂ ಮೇಲಕ್ಕೋ ಕಾಯಿಸಿದ ಮೇಲೆ ಸೀರಿಯಂ ಆಕ್ಸೈಡ್ ಆಗುತ್ತದೆ. ಹೊರಗಿನ ಆಕಾರ ಬಹುಪಾಲು ಉಳಿಯುತ್ತದೆ, ಒಳಗೆ ಅದು ಸಣ್ಣ ಹರಳುಗಳ ಕಂತೆಯಾಗುತ್ತದೆ. ಕಣ ಎಷ್ಟೋ ಬಾರಿ ನೂರಾರು ನ್ಯಾನೊಮೀಟರಿನಷ್ಟು ದೊಡ್ಡದು, ಒಳಗಿನ ಹರಳು ಮಾತ್ರ ಹತ್ತರ ಆಸುಪಾಸು. ಎಕ್ಸ್-ರೇ ಗೆರೆಯ ಅಗಲದಿಂದ ಷೆರರ್ ಸೂತ್ರ ಕೊಡುವುದು ಹರಳಿನ ಗಾತ್ರ. ಅದನ್ನೇ ಕಣದ ಗಾತ್ರವೆಂದು ಶೀರ್ಷಿಕೆಗೆ ಏರಿಸುವುದು ಓದುಗರಿಗೆ ಮಾಡುವ ಅನ್ಯಾಯ.

ಇನ್ನು ಬೆಂಕಿಯ ದಾರಿ. ಇದು ನಮ್ಮ ಬೆಂಗಳೂರಿನ ಕೊಡುಗೆ ಎಂಬ ಅಭಿಮಾನ ನನಗಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಸಿ. ಪಾಟೀಲ್ ಮತ್ತು ಕಿಂಗ್ಸ್‌ಲಿ 1988ರಲ್ಲಿ ಅಲ್ಯುಮಿನಿಯಂ ನೈಟ್ರೇಟ್ ಮತ್ತು ಯೂರಿಯಾದ ಮಿಶ್ರಣವನ್ನು 500 ಡಿಗ್ರಿಯ ಕುಲುಮೆಗಿಟ್ಟು ನಿಮಿಷಗಳಲ್ಲೇ ಆಲ್ಫಾ ಅಲ್ಯುಮಿನ ಪಡೆದರು. ನೈಟ್ರೇಟ್ ಉತ್ಕರ್ಷಕ, ಯೂರಿಯಾ ಇಂಧನ. ಇವೆರಡರ ಪ್ರಮಾಣದ ಲೆಕ್ಕ ರಾಕೆಟ್ ನೋದಕಗಳ ರಸಾಯನದಿಂದ ಬಂದದ್ದು. ಅದೇ ಲೆಕ್ಕದಲ್ಲಿ 3 ಮೋಲ್ ಸೀರಿಯಂ ನೈಟ್ರೇಟಿಗೆ 7 ಮೋಲ್ ಯೂರಿಯಾ ಬೇಕು.

ಅಲ್ಯುಮಿನಕ್ಕೆ ಇದು ಅದ್ಭುತ, ಏಕೆಂದರೆ ಆಲ್ಫಾ ರೂಪ ಮೂಡಲು 1,000 ಡಿಗ್ರಿ ಮೀರಿದ ಕಾವು ಬೇಕು, ಜ್ವಾಲೆ ಅದನ್ನು ಪುಕ್ಕಟೆಯಾಗಿ ಕೊಡುತ್ತದೆ. ಸೀರಿಯಂ ಆಕ್ಸೈಡಿಗೆ ಅಂಥ ಕಾವಿನ ಹಂಗೇ ಇಲ್ಲ. ನಾಲ್ಕು ವೇಲೆನ್ಸಿಯ ಸೀರಿಯಂ ಲವಣಕ್ಕೆ ಕೋಣೆಯ ಉಷ್ಣತೆಯಲ್ಲಿ ಕ್ಷಾರ ಸೇರಿಸಿದರೂ ಸೀರಿಯಂ ಆಕ್ಸೈಡಿನ ಫ್ಲೋರೈಟ್ ರಚನೆಯ ಪುಟ್ಟ ಹರಳುಗಳು ಸಿಗುತ್ತವೆ. ಹೀಗಿರುವಾಗ ಜ್ವಾಲೆಯ ಹೆಚ್ಚುವರಿ ಶಾಖ ಹರಳುಗಳನ್ನು ಬೆಳೆಸಿ, ಒಂದಕ್ಕೊಂದು ಅಂಟಿಸುತ್ತದೆ. ಹೊಮ್ಮುವ ಅನಿಲ ಪುಡಿಯನ್ನು ನೊರೆಯಂತೆ ಉಬ್ಬಿಸಿ ಈ ಹಾನಿಯನ್ನು ಸ್ವಲ್ಪ ತಗ್ಗಿಸುತ್ತದೆ, ನಿಜ. ಯೂರಿಯಾದ ಒಂದು ಪಾಲು ಉರಿಯುವ ಮುಂಚೆಯೇ ಅಮೋನಿಯಾ ಆಗಿ ಹಾರಿಹೋಗುವುದರಿಂದ ಕಾಗದದ ಮೇಲಿನ 3:7 ಕುಲುಮೆಯಲ್ಲಿ ಉಳಿಯುವುದೂ ಇಲ್ಲ. ಅದೇ ಸಂಸ್ಥೆಯಲ್ಲಿ ಎಂ.ಎಸ್. ಹೆಗ್ಡೆ ಮತ್ತು ಪಾಟೀಲರ ಬಳಗ ಸೀರಿಯಂ ಆಕ್ಸೈಡಿನೊಳಗೆ ಪ್ಲಾಟಿನಂ ಅಯಾನುಗಳನ್ನು ಕೂರಿಸಿ ಕ್ರಿಯಾವರ್ಧಕ ಮಾಡಿದಾಗ ಬಳಸಿದ ಇಂಧನ ಆಕ್ಸಲೈಲ್ ಡೈಹೈಡ್ರಜೈಡ್, ಯೂರಿಯಾ ಅಲ್ಲ ಎಂಬುದನ್ನೂ ಗಮನಿಸಬೇಕು. ಬೇರೆ ಲೋಹವನ್ನು ಸೀರಿಯಂ ಆಕ್ಸೈಡಿನ ಜಾಲಕದಲ್ಲಿ ಹದವಾಗಿ ಬೆರೆಸಬೇಕಾದಲ್ಲಿ ದಹನ ವಿಧಾನಕ್ಕೆ ದೊಡ್ಡ ಬೆಲೆಯಿದೆ. ಬರೀ ಸೀರಿಯಂ ಆಕ್ಸೈಡಿಗಾಗಿ ಯೂರಿಯಾ ಉರಿಸುವುದರಲ್ಲಿ ನನಗೆ ಲಾಭ ಕಾಣುವುದಿಲ್ಲ.

‘ಹಸಿರು ವಿಧಾನ’ ಎಂಬ ಹೊಗಳಿಕೆಯನ್ನೂ ಪರೀಕ್ಷಿಸಬೇಕು. ನೀರಿನ ದಾರಿಯಲ್ಲಿ ಅಮೋನಿಯಂ, ನೈಟ್ರೇಟ್ ತುಂಬಿದ ತೊಳೆನೀರು ಉಳಿಯುತ್ತದೆ. ಬೆಂಕಿಯ ದಾರಿಯಲ್ಲಿ ನೈಟ್ರೋಜನ್ ಆಕ್ಸೈಡುಗಳು ಹೊರಬರಬಹುದು.

ಈ ಕೆಲಸಕ್ಕೆ ಕೈಹಾಕುವ ನಮ್ಮ ಎಂ.ಎಸ್ಸಿ., ಪಿಎಚ್.ಡಿ. ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ: ಸೀರಿಯಂಗೆ ಯೂರಿಯಾದ ಮೋಲ್ ಅನುಪಾತ, ಕಾಯಿಸಿದ ಉಷ್ಣತೆ, ಹೊತ್ತು, ಕೊನೆಯ ಪಿಎಚ್ ಇಷ್ಟನ್ನೂ ಬರೆಯಿರಿ; ಹರಳಿನ ಗಾತ್ರದ ಪಕ್ಕದಲ್ಲೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡ ಕಣದ ಗಾತ್ರವನ್ನೂ ಕೊಡಿ.