ಒಂದು ಮುಖ, ಎರಡು ಕಂಠ

ರಾಜಕುಮಾರ್ ಅವರ ಹಾಡುಗಳಲ್ಲಿ ನಿಮಗೆ ಯಾವುದು ಮೆಚ್ಚು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಒಂದು ಮರುಪ್ರಶ್ನೆ ಹಾಕುವುದುಂಟು: ಅವರು ಹಾಡಿದವುಗಳಲ್ಲೋ, ಅವರಿಗಾಗಿ ಇನ್ನೊಬ್ಬರು ಹಾಡಿದವುಗಳಲ್ಲೋ? ಕೇಳಿದವರು ನಕ್ಕುಬಿಡುತ್ತಾರೆ. ಮೇಷ್ಟರ ಹತ್ತಿರ ಪ್ರಶ್ನೆಗೆ ಉತ್ತರ ಸಿಕ್ಕುವುದಿಲ್ಲ, ಇನ್ನೊಂದು ಪ್ರಶ್ನೆ ಸಿಕ್ಕುತ್ತದೆ ಎಂದುಕೊಳ್ಳುತ್ತಾರೋ ಏನೋ. ಆದರೆ ನನ್ನ ಮಟ್ಟಿಗೆ ಇದು ಚಮತ್ಕಾರದ ಮಾತಲ್ಲ. 1974ರವರೆಗೆ ಆ ಮುಖಕ್ಕೆ ಮುಖ್ಯವಾಗಿ ಹಾಡಿದವರು ಪಿ. ಬಿ. ಶ್ರೀನಿವಾಸರು, ಅಲ್ಲಿಂದ ಮುಂದೆ ಬಹುಮಟ್ಟಿಗೆ ಆ ಮುಖದ ಒಡೆಯರೇ. ಎರಡು ಕಂಠಗಳಲ್ಲಿ ನಾನು ಯಾವ ಕಡೆಯವನೆಂಬುದನ್ನು ಮೊದಲೇ ಹೇಳಿಬಿಡುವುದು ನ್ಯಾಯ. ನಾನು ಶ್ರೀನಿವಾಸರ ಕಡೆಯವನು. ನಮ್ಮ ತಂದೆ ಇನ್ನೊಂದು ಕಡೆಯವರು. ನಮ್ಮ ಮನೆಯಲ್ಲಿ ಈ ವ್ಯಾಜ್ಯ ಮೂವತ್ತು ವರ್ಷ ನಡೆಯಿತು. ಹೊಲದ ಬದುವಿನ ವ್ಯಾಜ್ಯ ಕೂಡ ಅದಕ್ಕಿಂತ ಬೇಗ ತೀರಿತು.

ನಮ್ಮದು ಬುಕ್ಕಸಾಗರ. ಹಂಪಿ ಕಮಲಾಪುರಗಳ ಮಗ್ಗುಲಲ್ಲಿ, ಗದ್ದೆ ಬಾಳೆತೋಟಗಳ ನಡುವೆ ಇರುವ ಊರು. ನಾನು ಹುಡುಗನಾಗಿದ್ದಾಗ ಅಲ್ಲಿಯ ಒಗ್ಗರಣೆ ಮಿರ್ಚಿ ಅಂಗಡಿಯೊಂದರಲ್ಲಿ ಟೇಪ್‌ರೆಕಾರ್ಡರು ಇತ್ತು. ಚಿತ್ರಗೀತೆಯ ಮೊದಲ ಪಾಠಗಳೆಲ್ಲ ನನಗೆ ಕಾಯ್ದ ಎಣ್ಣೆಯ ವಾಸನೆಯೊಡನೆ ಆದುವು. ನಮ್ಮ ತಂದೆ ಊರ ನಾಟಕಗಳಲ್ಲಿ ಪಾರ್ಟು ಮಾಡಿದವರು. ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ, ಮೈಕು ಇಲ್ಲದೆ, ಹಿಂದಿನ ಸಾಲಿನ ಮುದುಕಿಯರಿಗೂ ಮುಟ್ಟುವಂತೆ ಕಂದಪದ್ಯ ಹೇಳಿದ ಗಂಟಲು ಅವರದು. ಅವರ ವಾದ ಒಂದೇ: “ಲೇ ತಮ್ಮಾ, ಶೀನಿವಾಸ ಹಾಡಿದ್ರ ಮಗ್ಗಲದಾಗ ಕುಂತಾಂವಗ ಕೇಳತೈತಿ. ರಾಜಕುಮಾರ ಹಾಡಿದ್ರ ಕಾಲುವಿ ಆಚಿ ದಂಡಿಗೆ ಕೇಳತೈತಿ.” ಇದು ವಿಮರ್ಶೆಯೇ ಅಲ್ಲ, ಗಂಟಲಿನ ಅಳತೆ ಎಂದು ನಾನು ಬಹುಕಾಲ ಹೀಗಳೆಯುತ್ತಿದ್ದೆ.

ನಾನು ಶ್ರೀನಿವಾಸರ ಪಕ್ಷ ಸೇರಿದ್ದಕ್ಕೆ ಕಾರಣ ಸಂಗೀತವಲ್ಲ, ಕನ್ನಡ. ಹೈಸ್ಕೂಲಿನಲ್ಲಿದ್ದಾಗ ಪೇಟೆಯ ಒಂದು ಭಾಷಣ ಸ್ಪರ್ಧೆಗೆ ಹೋಗಿ, ಕನ್ನಡ ‘ಬಾಸೆ’ಯ ಹಿರಿಮೆಯನ್ನು ಕುರಿತು ಐದು ನಿಮಿಷ ಆವೇಶದಿಂದ ಮಾತನಾಡಿದೆ. ಸಭೆ ನಕ್ಕಿತು. ತೀರ್ಪುಗಾರರೊಬ್ಬರು, ಮೊದಲು ಆ ಪದವನ್ನು ಸರಿಯಾಗಿ ಹೇಳಿ ಆಮೇಲೆ ಅದರ ಹಿರಿಮೆ ಹೇಳಪ್ಪ ಎಂದರು. ನಮ್ಮ ಸೀಮೆಯ ಬಾಯಿಗೆ ಮಹಾಪ್ರಾಣಗಳ ಅಭ್ಯಾಸ ಕಡಿಮೆ. 1953ರವರೆಗೆ ಮದರಾಸು ಪ್ರಾಂತದಲ್ಲಿದ್ದು, ತೆಲುಗನ್ನು ನೆರೆಮನೆಯಲ್ಲಿಟ್ಟುಕೊಂಡು ಬೆಳೆದ ಕನ್ನಡ ನಮ್ಮದು. ಅದರ ಸೊಗಸು ಬೇರೆ. ಆದರೆ ಹದಿಮೂರು ವರ್ಷದ ಹುಡುಗನಿಗೆ ಆ ಸಮಾಧಾನ ಯಾರು ಹೇಳಬೇಕು? ಮನೆಗೆ ಬಂದವನು ಟೇಪಿನ ಮುಂದೆ ಕುಳಿತು ಶ್ರೀನಿವಾಸರ ಹಾಡುಗಳ ಒಂದೊಂದು ಸಾಲನ್ನೂ ಹಿಂದಕ್ಕೆ ತಿರುಗಿಸಿ ತಿರುಗಿಸಿ ಕೇಳಿದೆ. ಅವರು ಮಹಾಪ್ರಾಣಕ್ಕೆ ಎಷ್ಟು ಉಸಿರು ಬೇಕೋ ಅಷ್ಟನ್ನೇ ಕೊಡುತ್ತಾರೆ. ಪಂಡಿತರಂತೆ ಎದೆಯಿಂದ ಗುದ್ದುವುದಿಲ್ಲ, ನಮ್ಮಂತೆ ನುಂಗುವುದೂ ಇಲ್ಲ. ಇನ್ನೊಂದು ಸೂಕ್ಷ್ಮವನ್ನು ನಾನು ಪಾಠ ಹೇಳತೊಡಗಿದ ಮೇಲೆ ಗುರುತಿಸಿದೆ. ಮಟ್ಟಿನ ಒತ್ತಾಯಕ್ಕೆ ಹ್ರಸ್ವಾಕ್ಷರದ ಮೇಲೆ ರಾಗ ಎಳೆಯಬೇಕಾಗಿ ಬಂದಾಗ, ಅವರು ಆ ಅಕ್ಷರವನ್ನು ಮೊದಲು ಹ್ರಸ್ವವಾಗಿಯೇ ಮುಟ್ಟಿ, ಆಮೇಲೆ ಸ್ವರವನ್ನು ಹರಿಯಬಿಡುತ್ತಾರೆ. ಎಳೆತವೆಲ್ಲ ರಾಗಕ್ಕೆ ಸೇರುತ್ತದೆ, ಪದ ಕೆಡುವುದಿಲ್ಲ.

ಹೀಗೆ ನನಗೆ ಕನ್ನಡ ತಿದ್ದಿದವರು 1930ರಲ್ಲಿ ಕಾಕಿನಾಡದಲ್ಲಿ ಹುಟ್ಟಿದ, ಮನೆಯಲ್ಲಿ ತೆಲುಗು ಆಡುತ್ತಿದ್ದ, ಮದರಾಸಿನಲ್ಲಿ ಬಾಳಿ 2013ರಲ್ಲಿ ಅಲ್ಲಿಯೇ ತೀರಿಕೊಂಡ ಮನುಷ್ಯ. ನಮ್ಮ ಊರಿಗೆ ಕೂಗಳತೆಯಲ್ಲಿರುವ ಹಂಪಿಯ ಕನ್ನಡ ವಿಶ್ವವಿದ್ಯಾಲಯ ರಾಜಕುಮಾರ್ ಅವರಿಗೆ ನಾಡೋಜ ಗೌರವ ನೀಡಿದಾಗ ನಮ್ಮ ತಂದೆ ಊರೆಲ್ಲ ಹೇಳಿಕೊಂಡು ಬಂದರು. ನಾಡೋಜನೆಂದರೆ ನಾಡಿನ ಉಪಾಧ್ಯಾಯ. ಆ ಗೌರವ ಸಲ್ಲತಕ್ಕದ್ದೇ. ಆದರೆ ನನ್ನ ಕಿವಿಯ ಮಟ್ಟಿನ ಉಪಾಧ್ಯಾಯರು ಬೇರೊಬ್ಬರು ಇದ್ದರೆಂಬುದನ್ನು ನಾನು ಮರೆಯಲಾರೆ.

ಇದು ಋಣದ ಮಾತಾಯಿತು. ಕಲೆಯ ಮಾತು ಬೇರೆ. ರಾಜಕುಮಾರ್ ಅವರು ಕಂಪನಿ ನಾಟಕದ ಕೂಸು. ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ಹೆಸರಾಂತ ನಟರು. 1954ರ ‘ಬೇಡರ ಕಣ್ಣಪ್ಪ’ದಿಂದ ನಾಯಕರಾದ ಮಗ ಆ ರಂಗಭೂಮಿಯ ಮಾತುಗಾರಿಕೆಯನ್ನು ಹಾಗೆಯೇ ತೆರೆಗೆ ತಂದರು. ಅವರ ಮಾತು ಸಭೆಗೆ ಆಡಿದ ಮಾತು. ಒಬ್ಬಳೇ ತಾಯಿಯ ಮುಂದೆ ನಿಂತು ಆಡಿದರೂ ಹಿಂದೆ ಐನೂರು ಜನ ಕುಳಿತಿದ್ದಾರೆಂಬ ಎಚ್ಚರ ಆ ಸ್ವರದಲ್ಲಿರುತ್ತದೆ. ಅದು ದೋಷವಲ್ಲ, ಅದೇ ಅವರ ಶಕ್ತಿ. ಆದರೆ ಮಾತು ನಿಂತು ಹಾಡು ಮೊದಲಾದೊಡನೆ ಅದೇ ಬಾಯಿಂದ ಮೆಲುವಾದ, ಕೆಳಸ್ಥಾಯಿಯಲ್ಲಿ ತಂಗಲು ಹೆದರದ, ಯಾರಿಗೂ ಕೇಳಿಸಬೇಕೆಂಬ ಹಟವಿಲ್ಲದ ಇನ್ನೊಂದು ದನಿ ಬರುತ್ತಿತ್ತು. ನಾಯಕನು ಇಲ್ಲಿಯವರೆಗೆ ನಮಗೆ ಹೇಳುತ್ತಿದ್ದ; ಈಗ ತನಗೆ ತಾನೇ ಹೇಳಿಕೊಳ್ಳುತ್ತಿದ್ದಾನೆ. ಶ್ರೀನಿವಾಸರು ರಾಜಕುಮಾರ್ ಅವರ ಹೊರದನಿಗೆ ಬದಲಿಯಾಗಿರಲಿಲ್ಲ. ಅವರು ಆ ಪಾತ್ರಗಳ ಒಳದನಿಯಾಗಿದ್ದರು. ‘ಕಸ್ತೂರಿ ನಿವಾಸ’ವನ್ನು (1971) ನೆನೆಯಿರಿ. ಕೊಟ್ಟು ಕೊಟ್ಟು ಬರಿದಾಗುವ ಆ ಸಿರಿವಂತ ಸಂಭಾಷಣೆಯಲ್ಲಿ ಎಲ್ಲಿಯೂ ತನ್ನ ಸಂಕಟವನ್ನು ಬಿಟ್ಟುಕೊಡುವವನಲ್ಲ. ಬೊಂಬೆಯನ್ನು ಮುಂದಿಟ್ಟುಕೊಂಡು ಹಾಡುವಾಗ ಮಾತ್ರ ಅವನ ಒಳಗು ನಮಗೆ ಕಾಣುತ್ತದೆ. ಅಲ್ಲಿ ಮಾತಿನ ಗಂಟಲೇ ಹಾಡಿದ್ದರೆ ಆ ಮನುಷ್ಯ ಇಷ್ಟು ಗುಟ್ಟಿನವನಾಗಿ ಉಳಿಯುತ್ತಿದ್ದನೇ?

ಬೇರೊಬ್ಬರ ಕಂಠವೆಂದ ಮಾತ್ರಕ್ಕೆ ಈ ಹೊಂದಿಕೆ ತಾನಾಗಿ ಬರುವುದಿಲ್ಲ. ಅ. ನ. ಕೃಷ್ಣರಾಯರ ಕಾದಂಬರಿಯಿಂದಾದ ‘ಸಂಧ್ಯಾರಾಗ’ದಲ್ಲಿ (1966) ಭೀಮಸೇನ ಜೋಶಿ, ಬಾಲಮುರಳೀಕೃಷ್ಣ ಇಬ್ಬರ ಕಂಠಗಳೂ ಇವೆ. ಸಂಗೀತವಾಗಿ ಅವು ನಮ್ಮ ಚಿತ್ರಗಳಲ್ಲಿ ಬಂದ ಉತ್ತಮೋತ್ತಮಗಳ ಸಾಲಿನವು, ನನಗೂ ಪ್ರಾಣ. ಆದರೂ ಭೀಮಸೇನರು ಬಾಯ್ದೆರೆದೊಡನೆ ನನ್ನ ಕಣ್ಣು ಚಿತ್ರಮಂದಿರದಲ್ಲಿ ಉಳಿದು ಕಿವಿ ಧಾರವಾಡದ ಕಚೇರಿಗೆ ಎದ್ದು ಹೋಗುತ್ತದೆ. ಅಷ್ಟು ದೊಡ್ಡ ಸ್ವಂತಿಕೆಯ ಕಂಠ ಇನ್ನೊಬ್ಬನ ಮುಖದ ಹಿಂದೆ ಅಡಗಿ ಕೂರಲಾರದು. ಶ್ರೀನಿವಾಸರು ಅಡಗಬಲ್ಲವರಾಗಿದ್ದರು. ಅಡಗುವ ಕಲೆಗೆ ನಮ್ಮಲ್ಲಿ ಬೆಲೆ ಕಡಿಮೆ.

ಇನ್ನು 1974. ಸೂಳೇಭಾವಿಯ ಪಿ. ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ಉತ್ತರ ಕರ್ನಾಟಕದ ಕಂಪನಿಗಳಲ್ಲಿ ಮೆರೆದ ನಾಟಕ. ನಮ್ಮ ತಂದೆಗೆ ಅದರ ಮಾತುಗಳು ಬಾಯಿಪಾಠ. ಅದು ಚಲಚ್ಚಿತ್ರವಾದಾಗ ಜಿ. ಕೆ. ವೆಂಕಟೇಶರ ಸಂಗೀತದಲ್ಲಿ ರಾಜಕುಮಾರ್ ಅವರು ತಾವೇ ಒಂದು ಹಾಡು ಹಾಡಿದರು. ಹಿಂದೆ ಹಾಡಿರಲಿಲ್ಲವೆಂದಲ್ಲ, 1959ರ ‘ಮಹಿಷಾಸುರ ಮರ್ದಿನಿ’ಯಲ್ಲಿಯೇ ಜಾನಕಿಯವರೊಡನೆ ದನಿಗೂಡಿಸಿದ್ದರು. ಆದರೆ ಜನ ಅವರನ್ನು ಗಾಯಕರೆಂದು ಎತ್ತಿಕೊಂಡದ್ದು ಈ ಹಾಡಿನಿಂದ. ಎಮ್ಮೆಯ ಮೇಲೆ ಕುಳಿತ ಹಳ್ಳಿಯ ಹೈದ ಆ ಎಮ್ಮೆಗೇ ಹಾಡುತ್ತಾನೆ. ದಿನವೂ ಕಾಲುವೆಗೆ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ನಮ್ಮಂಥ ಹುಡುಗರಿಗೆ ಅದು ನಾಡಗೀತೆಯ ಸಮಾನವಾಗಿತ್ತು. ಪಕ್ಷಪಾತ ಬಿಟ್ಟು ಹೇಳುವುದಾದರೆ, ಆ ಹಾಡನ್ನು ಶ್ರೀನಿವಾಸರು ಹಾಡಲಾಗುತ್ತಿರಲಿಲ್ಲ. ಅವರು ಹಾಡಿದ್ದರೆ ಎಮ್ಮೆಗೂ ಒಂದಿಷ್ಟು ಸಂಕೋಚವಾಗುತ್ತಿತ್ತು. ಬಯಲಿನ ನಗೆ, ಕೆಣಕುವ ಕೊಂಕು, ಕೈ ಎತ್ತಿ ಕೂಗುವ ಗತ್ತು, ಇವು ಅವರ ಸೀಮೆಯವಲ್ಲ. ಕಂಪನಿಯ ಗಂಟಲೇ ಬೇಕು. ಆದರೆ ಅದೇ 1974ರಲ್ಲಿ ಬಂದ ‘ಎರಡು ಕನಸು’ ಚಿತ್ರದಲ್ಲಿ, ರಾಜನ್-ನಾಗೇಂದ್ರರ ಮಟ್ಟುಗಳಿಗೆ ಶ್ರೀನಿವಾಸರು ಹಾಡಿದ್ದನ್ನು ಇದರ ಪಕ್ಕದಲ್ಲಿಟ್ಟು ಕೇಳಬೇಕು. ಮನಸ್ಸಿನಲ್ಲಿ ಒಬ್ಬಳನ್ನಿಟ್ಟುಕೊಂಡು ಮನೆಯಲ್ಲಿ ಇನ್ನೊಬ್ಬಳೊಡನೆ ಬಾಳುವ ಕನ್ನಡದ ಮೇಷ್ಟರ ಕಥೆ ಅದು. ಆ ಕಥೆಗೆ ಎರಡು ದನಿ ಇಲ್ಲದೆ ಗತಿಯಿಲ್ಲ.

ಮುಂದಿನ ವರ್ಷಗಳಲ್ಲಿ ಆದದ್ದೇನು? ಮಾತಿಗೂ ಹಾಡಿಗೂ ಇದ್ದ ಗೆರೆ ಅಳಿಸಿಹೋಯಿತು. ಜನ ಅದನ್ನು ಲಾಭವೆಂದರು, ಲಾಭವೂ ಹೌದು. ‘ಸನಾದಿ ಅಪ್ಪಣ್ಣ’ (1977), ‘ಕವಿರತ್ನ ಕಾಳಿದಾಸ’ (1983) ಚಿತ್ರಗಳಲ್ಲಿ ಪಾತ್ರ ಮಾತಿನಿಂದ ಹಾಡಿಗೆ ಏರುವಾಗ ಮೆಟ್ಟಿಲೇ ಕಾಣುವುದಿಲ್ಲ. 1992ರ ‘ಜೀವನ ಚೈತ್ರ’ದ ತೋಡಿ ರಾಗದ ಹಾಡಿಗೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಅರವತ್ತು ದಾಟಿದ ನಟನೊಬ್ಬ ಅಷ್ಟು ದೂರ ಅಭ್ಯಾಸದಿಂದ ನಡೆದು ಬಂದದ್ದು ನಿಜವಾಗಿ ತಲೆಬಾಗಬೇಕಾದ ಸಂಗತಿ. ಹೊಸಪೇಟೆಯ ಚಿತ್ರಮಂದಿರದಲ್ಲಿ ಆ ಹಾಡಿಗೆ ತಂದೆ ಎದ್ದು ನಿಂತುಬಿಟ್ಟರು. ಹಿಂದಿನವರು ಕೂರಯ್ಯಾ ಎಂದು ಕೂಗಿದರೂ ಕೂರಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ನನಗೆ ಮುಜುಗರ. ಈಗ ನೆನೆದರೆ ಮುಜುಗರಪಟ್ಟದ್ದಕ್ಕೆ ಮುಜುಗರ. ಆದರೂ ನಷ್ಟದ ಲೆಕ್ಕವನ್ನೂ ಬರೆಯಬೇಕಲ್ಲ. ಮೆಲುದನಿಯ ಪ್ರೇಮಗೀತೆಗಳಲ್ಲಿಯೂ ರಾಜಕುಮಾರ್ ಅವರು ಒಂದೊಂದು ವ್ಯಂಜನವನ್ನೂ ಹಿಂದಿನ ಸಾಲಿಗೆ ತಲುಪಿಸುತ್ತಾರೆ. ಭಾವವನ್ನು ನಮಗಾಗಿ ಬಿಡಿಸಿ ಹೇಳಿಬಿಡುತ್ತಾರೆ. ನಾಯಕನಿಗೆ ಗುಟ್ಟೇ ಉಳಿಯುವುದಿಲ್ಲ. ಹೊರದನಿ ಒಳಮನೆಗೂ ಬಂದು ಕುಳಿತಂತಾಯಿತು.

ಉಳಿದ ಕಂಠಗಳ ಮಾತನ್ನು ಬೇಗ ಮುಗಿಸುತ್ತೇನೆ. ಸುಶೀಲಾ ಅವರದು ತಿದ್ದಿ ತೀಡಿದ ಚೆಲುವು. ಅವರು ಆಂಧ್ರದ ವಿಜಯನಗರಂ ಊರಿನವರು, ನಾವು 2021ರಲ್ಲಿ ಹೊಸ ಜಿಲ್ಲೆಯಾದ ವಿಜಯನಗರದವರು, ಅಷ್ಟು ನಂಟಿನಿಂದಲೇ ನಮ್ಮ ಕಡೆ ಕೆಲವರು ಅವರನ್ನು ನಮ್ಮವರೆನ್ನುತ್ತಾರೆ! ಜಾನಕಿಯವರಲ್ಲಿ ನಾಟಕದ ಗುಣ ಹೆಚ್ಚು. ಅವರು ಗಂಡಾಗಿ ಹುಟ್ಟಿದ್ದರೆ ಬಹುಶಃ ನಮ್ಮ ತಂದೆಗೂ ನನಗೂ ಜಗಳವೇ ಇರುತ್ತಿರಲಿಲ್ಲ. ಬಾಲಸುಬ್ರಹ್ಮಣ್ಯಂ ಅವರು ನನ್ನ ವಿದ್ಯಾರ್ಥಿಗಳ ಆರಾಧ್ಯ. ಹಾಡಿನ ನಡುವೆ ಅವರು ಚೆಲ್ಲುವ ಆ ನಗೆ ನನಗೆ ಒಂದು ಸಲ ಹಿತ, ಹತ್ತನೆಯ ಸಲ ಅಭ್ಯಾಸ. ಪಂಚಾಕ್ಷರ ಗವಾಯಿಗಳ ಚಿತ್ರದಲ್ಲಿ ಮಾತ್ರ ಅವರು ಆ ನಗೆಯನ್ನು ಬಾಗಿಲ ಹೊರಗೆ ಬಿಟ್ಟು ಒಳಗೆ ಬಂದಿದ್ದಾರೆ. ಇನ್ನು ಪುನೀತರು: 2021ರಲ್ಲಿ ಅವರು ತೀರಿಕೊಂಡ ಮೇಲೆ, ಮರುವರ್ಷ ಹೊಸಪೇಟೆಯಲ್ಲಿ ಅವರ ಪ್ರತಿಮೆ ನಿಂತಿತು. ಹಾಡುಗಾರರಾಗಿ ಅವರು ಚಿಕ್ಕ ಹುಡುಗನಾಗಿದ್ದಾಗ ಹಾಡಿದ್ದೇ ನನಗೆ ಹೆಚ್ಚು ಪ್ರಿಯ. ಇದನ್ನು ಹೊಸಪೇಟೆಯಲ್ಲಿ ಗಟ್ಟಿಯಾಗಿ ಹೇಳುವ ಧೈರ್ಯ ನನಗಿಲ್ಲ.

ನನ್ನ ವಾದಕ್ಕೆಲ್ಲ ಸಾಕ್ಷಿ ಬೇಕೆನ್ನುವವರು ‘ಬಭ್ರುವಾಹನ’ವನ್ನು (1977) ನೋಡಬೇಕು. ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನ, ಟಿ. ಜಿ. ಲಿಂಗಪ್ಪನವರ ಸಂಗೀತ. ಅರ್ಜುನನೂ ರಾಜಕುಮಾರ್, ಅವನ ಮಗ ಬಭ್ರುವಾಹನನೂ ರಾಜಕುಮಾರ್. ಯುದ್ಧಕ್ಕೆ ಮೊದಲು ತಂದೆ ಮಕ್ಕಳು ಪದ್ಯದಲ್ಲಿ ಮೂದಲಿಸಿಕೊಳ್ಳುತ್ತಾರೆ. ಒಂದು ಮುಖ ಎರಡಾಯಿತು. ಕಂಠಗಳೂ ಎರಡು ಬೇಕಾದುವು. ಒಂದು ರಾಜಕುಮಾರ್ ಅವರದು, ಇನ್ನೊಂದು ಶ್ರೀನಿವಾಸರದು. ಯಾರ ಪಾಲು ಯಾರಿಗೆಂಬುದನ್ನು ಹೇಳಿಬಿಟ್ಟರೆ ಇನ್ನೂ ಕೇಳದವರ ಸುಖ ಕೆಡುತ್ತದೆ. ಇಪ್ಪತ್ತು ವರ್ಷ ಒಂದೇ ಬಾಯಲ್ಲಿ ಹೊಂದಿಕೊಂಡು ಬಾಳಿದ ಎರಡು ದನಿಗಳು ಇಲ್ಲಿ ಮೊದಲ ಸಲ ಎದುರುಬದುರಾಗಿ ನಿಂತು ಕಾದಾಡುತ್ತವೆ. ಶ್ರೀನಿವಾಸರಿಗೆ ಗತ್ತು ಒಗ್ಗದೆಂದು ಮೇಲೆ ಬರೆದೆ. ಇಲ್ಲಿ ಅವರು ಸಿಟ್ಟಾಗುತ್ತಾರೆ, ಆದರೆ ವ್ಯಾಕರಣ ತಪ್ಪದ ಸಿಟ್ಟು ಅದು. ರಾಜಕುಮಾರ್ ಅವರದು ರಂಗಸ್ಥಳ ನಡುಗುವ ಸಿಟ್ಟು. ಯಾರು ಗೆದ್ದರು? ನಮ್ಮ ಮನೆಯಲ್ಲಿ ತೀರ್ಮಾನವಾಗಲಿಲ್ಲ.

ಕೊನೆಯ ವರ್ಷಗಳಲ್ಲಿ ತಂದೆಯ ಕಿವಿ ಮಂದವಾಯಿತು. ಯಂತ್ರ ಹಾಕಿಕೊಳ್ಳಲು ಒಲ್ಲೆನೆಂದರು. ಸಂಜೆ ಕಟ್ಟೆಯ ಮೇಲೆ ಕುಳಿತಾಗ ನಾನು ಮೊಬೈಲಿನಲ್ಲಿ ಹಳೆಯ ಹಾಡು ಹಾಕುತ್ತಿದ್ದೆ. ಆಗ ನನಗೆ ಅವರ ಗಂಟಲಿನ ಅಳತೆ ಅರ್ಥವಾಯಿತು. ಅಷ್ಟು ಪುಟ್ಟ ಯಂತ್ರದಲ್ಲಿ ಕೆಳಸ್ಥಾಯಿ ನಿಲ್ಲುವುದಿಲ್ಲ. ಶ್ರೀನಿವಾಸರ ದನಿಯ ಅರ್ಧ ಜೀವ ಇರುವುದೇ ಅಲ್ಲಿ. ಮೈಕಿನ ಮುಂದೆ ಹುಟ್ಟಿದ ಆ ಕಲೆಗೆ ಒಳ್ಳೆಯ ಯಂತ್ರವೂ ಒಳ್ಳೆಯ ಕಿವಿಯೂ ಬೇಕು. ರಾಜಕುಮಾರ್ ಅವರ ದನಿ ಯಂತ್ರದ ಹಂಗಿಲ್ಲದೆ ಬೆಳೆದದ್ದು. ಕೆಟ್ಟ ಮೊಬೈಲಿನಲ್ಲಿಯೂ ಮಂದ ಕಿವಿಯಲ್ಲಿಯೂ ಅದು ಬಂದು ಮುಟ್ಟುತ್ತಿತ್ತು. ತಂದೆ ತಲೆದೂಗುತ್ತಿದ್ದುದು ಆ ಹಾಡುಗಳಿಗೆ ಮಾತ್ರ.

ಒಂದು ದಿನ ‘ಬಭ್ರುವಾಹನ’ದ ಆ ಮೂದಲಿಕೆಯನ್ನು ಹಾಕಿದೆ. ಮುಖ ಅರಳಿತು, ಕೈ ತೊಡೆಯ ಮೇಲೆ ತಾಳ ಹಾಕಿತು. ನಾಲ್ಕು ಸಾಲಾದ ಮೇಲೆ ಕೈ ನಿಂತಿತು. ನನ್ನತ್ತ ತಿರುಗಿ, “ಇನ್ನೊಬ್ಬಾಂವ ಯಾಕಪಾ ಸುಮ್ಮನಾದ?” ಎಂದರು. ಮೊಬೈಲನ್ನು ಕಟ್ಟೆಯ ಮೇಲಿಟ್ಟೆ. ಅವರ ಕಿವಿಯ ಬಳಿ ಬಾಗಿ, ಮಹಾಪ್ರಾಣಗಳನ್ನು ಒಂದೂ ಬಿಡದೆ, ಶ್ರೀನಿವಾಸರ ಪಾಲಿನ ಸಾಲುಗಳನ್ನು ನಾನೇ ಗಟ್ಟಿಯಾಗಿ ಹೇಳಿದೆ.